ಕರ್ರಗ ಆತೇನು?

ಮುಂಡಗೋಡದ ಬಸ್ಸಿನಿಂದ ಇಳಿದ ಪರಿಚಯದವರೊಬ್ಬರು ಹಳಿಯಾಳದ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವರೇ, "ನಿಮ್ಮ ಡಾಕ್ಟರಬಾಯಿ ಹೋದ್ರಂತ್ರಿ, ಗೊತ್ತಾತೇನು?" ಎಂದರು. ಅವರಿಗೆ ಧಾರವಾಡದ ಬಸ್ಸು ಹಿಡಿಯುವ ಅವಸರ. ಯಾವಾಗ, ಹೇಗೆ, ಹತ್ತಿರ ಯಾರಿದ್ದರು ಎಂದು ಕೇಳುವುದರೊಳಗೆ ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟರು. ಅಂದಿನಿಂದ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಮನೆಯವಳು, "ಯಾಕ ಹಿಂಗ ಅಡ್ಡಾಡಾಕ ಹತ್ತೀರಿ? ಹೊಟ್ಟಿ ಕೆಟ್ಟೈತೇನು?" ಎಂದು ಕೇಳುತ್ತಾಳೆ. ಹೊಟ್ಟೆ ನೆಟ್ಟಗಿದೆ. ಬರೆದರೆ ಹಗುರಾದೀತು ಎಂದು ಕೂತಿದ್ದೇನೆ, ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಯಲ್ಲಿ ಹಂಚಿನ ಸಣ್ಣ ದವಾಖಾನೆಯೊಂದಿತ್ತು. ಅಲ್ಲಿ ನಾನು ಕಂಪೌಂಡರ್. ದಾಂಡೇಲಿಯಲ್ಲಿ ಕಾಗದದ ಗಿರಣಿ ಶುರುವಾಗಿ ಕೆಲವು ವರ್ಷ ಆಗಿದ್ದವು. ಬಿದಿರು ಹೇರಿದ ಲಾರಿಗಳು ಹಗಲೆಲ್ಲ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಒಂದು ದಿನ ಆ ಧೂಳಿನಲ್ಲೇ ಲಾರಿಯೊಂದರ ಮುಂದಿನ ಸೀಟಿನಿಂದ ಈ ಹೆಂಗಸು ಧುಮುಕಿದರು. ಹೊಸ ಡಾಕ್ಟರು ಬಸ್ಸಿಗೆ ಬರುತ್ತಾರೆಂದು ನಾನು ಹೂವಿನ ಹಾರ ಹಿಡಿದು ಕಾಯುತ್ತಿದ್ದೆ. ಬಸ್ಸು ಕಾಯುವುದು ಅವರ ಕೈಲಾಗಿರಲಿಲ್ಲ. ಟ್ರಂಕು ಇಳಿಯುವ ಮೊದಲೇ ನನ್ನ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಜಗ್ಗಿ ನೋಡಿ, "ನಿಮಗ ರಕ್ತ ಐತಿ, ಅಡ್ಡಿಯಿಲ್ಲ" ಎಂದರು. ನಮಸ್ಕಾರ ಹೇಳಿದ್ದು ಆಮೇಲೆ.

ಅವರ ಹೆಸರು ಬರೆಯುವುದಿಲ್ಲ. ಆ ಕಡೆ ಯಾರೂ ಅವರನ್ನು ಹೆಸರಿನಿಂದ ಕರೆದದ್ದಿಲ್ಲ. ಎಲ್ಲರಿಗೂ ಡಾಕ್ಟರಬಾಯಿ, ಎದುರಿಗೆ ಬಾಯಾರು. ಧಾರವಾಡದ ಕಡೆಯ ವ್ಯಾಪಾರಿ ಮನೆತನದವರು. ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ, ಒಬ್ಬ ಮುದುಕಿಗೆ ಬಂದಿತ್ತು. "ಹೊತ್ತ ಸಿಗಲಿಲ್ಲಬೇ" ಎಂದು ಉತ್ತರ ಸಿಕ್ಕಿತು. ಅದು ಚೇಷ್ಟೆಯ ಮಾತಲ್ಲ, ಖರೇನೇ ಇರಬೇಕು. ಕುರ್ಚಿ ಇದ್ದೂ ಕೂರುತ್ತಿರಲಿಲ್ಲ. ರೊಟ್ಟಿಯನ್ನು ಸುರುಳಿ ಮಾಡಿ ಕೈಯಲ್ಲಿ ಹಿಡಿದು ಅಡ್ಡಾಡುತ್ತಲೇ ತಿನ್ನುವರು, ನಡುವೆ ರೋಗಿ ಬಂದರೆ ರೊಟ್ಟಿ ಕಿಟಕಿಯ ಮೇಲೆ. ಅದನ್ನು ಕಾಗೆ ಒಯ್ದ ದಿನಗಳೇ ಜಾಸ್ತಿ.

ಹೀಗಿದ್ದ ಮೇಲೆ ಹೊಟ್ಟೆ ಸುಮ್ಮನಿರುತ್ತದೆಯೇ? ಎದೆಯುರಿ, ಹುಳಿತೇಗು, ಓಕರಿಕೆ ಎಲ್ಲ ಅವರಿಗಿದ್ದವು. ಆಮ್ಲಕ್ಕೆಂದು ನಾನು ಕಲಸಿಡುತ್ತಿದ್ದ ಬಿಳಿ ಔಷಧ, ಅಂದರೆ ಮೆಗ್ನೀಷಿಯಾಕ್ಕೆ ಸೋಡಾ ಹಾಕಿ ಪೆಪರಮಿಂಟಿನ ನೀರು ಬೆರೆಸಿದ್ದು, ಅದರಲ್ಲಿ ಒಂದು ಪಾಲು ಅವರ ಹೊಟ್ಟೆಗೇ ಹೋಗುತ್ತಿತ್ತು. ನಾನು ತಡೆಯಲಾರದೆ ಒಮ್ಮೆ ಅಂದೆ: "ಬಾಯಾರ, ಮಂದಿಗೆ ಹೊತ್ತಿಗೆ ಸರಿಯಾಗಿ ಉಣ್ರಿ ಅಂತ ಹೇಳ್ತೀರಿ."

"ಅವರು ಉಣ್ಣಲಿ ಅಂತ ಹೇಳ್ತೇನಿ. ನಾ ಉಣ್ತೇನಿ ಅಂತ ಎಲ್ಲೆ ಹೇಳೇನಿ?" ಎಂದು ಮೂತಿಗೆ ಹತ್ತಿದ ಬಿಳಿಯನ್ನು ಸೆರಗಿನಿಂದ ಒರೆಸಿಕೊಂಡು ಹೊರಟರು. ಅವರ ಜೊತೆ ಕೆಲಸ ಮಾಡುವುದೆಂದರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಒಂದು ಕೆಲಸ ಹೇಳಿ ಅದು ಮುಗಿಯುವ ಮೊದಲೇ ಇನ್ನೊಂದು ಹೇಳುವರು, ಮೊದಲಿನದು ಯಾಕೆ ಆಗಿಲ್ಲ ಎಂದು ಸಿಟ್ಟಾಗುವರು. ಆದರೆ ಅವರು ರಜೆಯ ಮೇಲೆ ಹೋದರೆ ದವಾಖಾನೆ ಬಿಕೋ ಎನ್ನುತ್ತಿತ್ತು, ನನಗೂ ಕೈ ಓಡುತ್ತಿರಲಿಲ್ಲ.

ಆ ಸೀಮೆಯಲ್ಲಿ ಆಗ ಮೈಯಲ್ಲಿ ರಕ್ತ ಇದ್ದವರೇ ಕಡಿಮೆ. ಕಾಡಿನ ಹಸಿ ನೆಲದಲ್ಲಿ ಬರಿಗಾಲಿನಲ್ಲಿ ತಿರುಗುವ ಜನ. ಕಾಲಿನಿಂದ ಹೊಕ್ಕ ಹುಳ ಕರುಳಿನಲ್ಲಿ ಕೂತು ರಕ್ತ ಹೀರುತ್ತಿತ್ತು, ಅದು ಬಿಟ್ಟದ್ದನ್ನು ಚಳಿಜ್ವರ ಮುಗಿಸುತ್ತಿತ್ತು. ಬಸುರಿಯರ ಪಾಡು ಕೇಳುವುದೇ ಬೇಡ. ಬಾಯಾರು ಬಂದವರಿಗೆಲ್ಲ ಕಬ್ಬಿಣದ ಗುಳಿಗೆ ಕೊಡಿಸತೊಡಗಿದರು. ಸಕ್ಕರೆಯ ಪದರು ಹಚ್ಚಿದ ಸಣ್ಣ ಕೆಂಪು ಗುಳಿಗೆ. ಜನ ಒಂದೆರಡು ದಿನ ನುಂಗುತ್ತಿದ್ದರು. ಬಯಲಕಡೆ ಹೋದಾಗ ಮಲ ಕಪ್ಪಗಾದದ್ದನ್ನು ಕಂಡು ಹೌಹಾರಿ, ಉಳಿದ ಗುಳಿಗೆಗಳನ್ನು ಹಿತ್ತಲಿಗೆ ಎಸೆಯುತ್ತಿದ್ದರು. ಕರುಳು ಸುಟ್ಟಿತು ಎನ್ನುವವರು ಕೆಲವರು, ಯಾರೋ ಮಾಟ ಮಾಡಿಸಿದ್ದಾರೆ ಎನ್ನುವವರು ಕೆಲವರು. ಕೇಳಿದರೆ ಮಾತ್ರ ಎಲ್ಲರದೂ ಒಂದೇ ಉತ್ತರ, "ತಗೊಂಡೇವ್ರಿ."

ಬಾಯಾರು ಇದಕ್ಕೊಂದು ಉಪಾಯ ಹೂಡಿದರು. ಗುಳಿಗೆ ತಗೊಂಡಿರಾ ಎಂದು ಕೇಳುವುದನ್ನೇ ಬಿಟ್ಟರು. ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ, "ಕರ್ರಗ ಆತೇನು?" ಎನ್ನುವರು. ಹೌದು ಎಂದವರ ಬೆನ್ನು ತಟ್ಟಿ, "ಶಭಾಷ್! ಅದು ಔಷಧದ ಬಣ್ಣ, ಹೆದರಬ್ಯಾಡ. ಕರ್ರಗ ಆದ್ರ ಮೈಯಾಗ ರಕ್ತ ಕೂಡಾಕ ಹತ್ತೇತಿ ಅಂತ ತಿಳಿ." ಇಲ್ಲ ಎಂದವರಿಗೆ, "ಹಂಗಾರ ಗುಳಿಗಿ ನಿನ್ನ ಹಿತ್ತಲ ತಿಂದೈತಿ, ನೀ ತಿಂದಿಲ್ಲ."

ಜನಕ್ಕೆ ಇದು ರುಚಿಸಿತು. ಹೆದರಿಕೆಯ ಬಣ್ಣ ಹೋಗಿ ಹೆಮ್ಮೆಯ ಬಣ್ಣವಾಯಿತು. ಹಳಿಯಾಳದ ಸಂತೆಯಲ್ಲಿ ಒಮ್ಮೆ ನಾವಿಬ್ಬರೂ ಹೋಗುತ್ತಿದ್ದಾಗ ಉಳ್ಳಾಗಡ್ಡಿಯ ರಾಶಿಯ ಆಚೆಯಿಂದ ಒಬ್ಬ ಅಜ್ಜಿ, "ಬಾಯಾರ, ನಂದು ಕರ್ರಗ ಆತ್ರೀ!" ಎಂದು ಕೂಗಿದಳು. ನಾನು ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ನೋಡುತ್ತಿದ್ದರೆ ಇವರು ಸಂತೆಯ ನಡುವೆಯೇ ಚಪ್ಪಾಳೆ ತಟ್ಟಿದರು. ಸೂಪಾ, ಜೋಯಿಡಾ ಕಡೆಯಿಂದ ಬರುವ ಕೊಂಕಣಿ ಮಂದಿಯೂ ಆ ಎರಡು ಮಾತನ್ನು ಕಲಿತರು. ಬೇರೆ ಕನ್ನಡ ಬರದವರು ಕೂಡ ಬಾಗಿಲಲ್ಲಿ ನಿಂತು "ಕರ್ರಗ, ಕರ್ರಗ" ಎಂದು ನಗುತ್ತಿದ್ದರು.

ಇನ್ನು ಮುಂದಿನದನ್ನು ಬರೆಯದೆ ಬಿಡೋಣ ಎನಿಸುತ್ತದೆ. ಬಿಟ್ಟರೆ ಅವರ ಚಿತ್ರ ಆಗುವುದಿಲ್ಲ, ಒಬ್ಬ ಗಡಿಬಿಡಿಯ ಹೆಂಗಸಿನ ನಗೆಪಾಟಲು ಆಗುತ್ತದೆ.

ಫಕ್ಕೀರಪ್ಪ ಎಂಬವನು ಹಳಿಯಾಳದ ಹತ್ತಿರದ ಹಳ್ಳಿಯವನು. ಬತ್ತದ ಸುಗ್ಗಿ ಮುಗಿದ ಮೇಲೆ ಗಿರಣಿಯ ಗುತ್ತಿಗೆದಾರರ ಕೈಕೆಳಗೆ ಬಿದಿರು ಕಡಿಯಲು ಬರುತ್ತಿದ್ದ. ಮಾತು ಕಮ್ಮಿ, ನಗೆ ಜಾಸ್ತಿ. ಬಿದಿರು ಕಡಿದು ಹೊತ್ತು ಮೈ ನೋಯುತ್ತದೆಂದು ಅಲ್ಲಿಯ ಮಂದಿ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ, ಅಂಗಡಿಯಲ್ಲಿ ಸಿಗುವ ತಲೆನೋವಿನ ಪುಡಿಯನ್ನು ಕರಿ ಚಹಾಕ್ಕೆ ಹಾಕಿ ಕುಡಿಯುತ್ತಿದ್ದರು. ಅದನ್ನು ಔಷಧ ಎಂದು ಯಾರೂ ಎಣಿಸಿರಲಿಲ್ಲ, ಚಹಾದ ಸಕ್ಕರೆಯ ಜೊತೆಗೆ ಅದೂ ಒಂದು. ಆದ್ದರಿಂದ ಮತ್ತೇನು ಔಷಧ ತಗೋತಿ ಎಂದು ಕೇಳಿದರೆ ಏನಿಲ್ಲರೀ ಎನ್ನುತ್ತಿದ್ದರು.

ಅವನು ಮೊದಲು ಬಂದದ್ದು ಉರಿಗೆ. "ಹೊಟ್ಯಾಗ ಕೊಳ್ಳಿ ಇಟ್ಟಂಗ ಆಗೇತ್ರಿ. ಬಾಯಾಗ ಹುಳಿನೀರ ಬರತಾವು, ಓಕರಿಕಿ ಬರತೈತಿ." ಬಾಯಾರು ತಮ್ಮ ಹೊಟ್ಟೆಯನ್ನೇ ಮುಟ್ಟಿಕೊಂಡು, "ನನ್ನ ಔಷಧಕ್ಕ ಪಾಲುದಾರ ಒಬ್ಬ ಬಂದ ನೋಡ್ರಿ, ಕಂಪೌಂಡರ್ರ" ಎಂದು ಬಿಳಿ ಔಷಧ ಕೊಡಿಸಿದರು. ರೆಪ್ಪೆ ಜಗ್ಗಿ ನೋಡಿದರೆ ಬಿಳಚಿಕೊಂಡಿತ್ತು. ಆ ಕಾಡಿನಲ್ಲಿ ಎಲ್ಲರ ರೆಪ್ಪೆಯೂ ಬಿಳಿಯೇ. ಎಲ್ಲರಂತೆ ಇವನಿಗೂ ಹುಳದ ಕಾಟ ಎಂದುಕೊಂಡು ಕಬ್ಬಿಣದ ಗುಳಿಗೆಯನ್ನೂ ಕೊಟ್ಟರು. ಎರಡನ್ನೂ ಕೂಡಿಸಿ ತಗೊಂಡರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಬಿಳಿಯದು ಬೇರೆ ಹೊತ್ತಿಗೆ, ಗುಳಿಗೆ ಬೇರೆ ಹೊತ್ತಿಗೆ ಎಂದು ಬಿಡಿಸಿ ಹೇಳಿದರು. ಅವನು ಎಲ್ಲಕ್ಕೂ ತಲೆಯಾಡಿಸಿದ.

ಕೆಲವು ವಾರ ಬಿಟ್ಟು ಮತ್ತೆ ಬಂದ. ಅಂದು ಸಂತೆಯ ದಿನ, ಸಾಲು ರಸ್ತೆಯವರೆಗೆ ನಿಂತಿತ್ತು. ಬಾಯಾರು ಒಂದು ಮಗುವಿನ ಕಿವಿ ನೋಡುತ್ತಲೇ ಅವನತ್ತ ತಿರುಗಿ, "ಏನೋ ಫಕ್ಕೀರಪ್ಪ, ಕರ್ರಗ ಆತೇನು?" ಎಂದರು.

"ಹೌದ್ರಿ. ಡಾಂಬರ ಇದ್ದಂಗ ಆಗೇತ್ರಿ."

ಸಾಲಿನಲ್ಲಿದ್ದವರು ಘೊಳ್ಳೆಂದು ನಕ್ಕರು. "ಶಭಾಷ್! ನಿನ್ನಂಗ ಎಲ್ಲಾರೂ ತಗೊಂಡಿದ್ರ ನನ್ನ ಕೆಲಸ ಅರ್ಧ ಕಡಿಮಿ ಆಗ್ತಿತ್ತು" ಎಂದು ಇನ್ನಷ್ಟು ಗುಳಿಗೆ ಕೊಡಿಸಿ ಕಳಿಸಿದರು. ಅವನು ನಗುತ್ತಲೇ ಹೋದ. ಹೋಗುವಾಗ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ನಿಂತದ್ದು ನನಗೆ ಈಗ ಕಾಣುತ್ತದೆ.

ಆ ವಾರ ಕಳೆಯುವ ಮೊದಲೇ ಅವನನ್ನು ಕಂಬಳಿಯ ಜೋಳಿಗೆಯಲ್ಲಿ ಹೊತ್ತುಕೊಂಡು ಬಂದರು. ಕಾಫಿಯ ಗಸಿಯಂಥದ್ದನ್ನು ವಾಂತಿ ಮಾಡಿಕೊಂಡಿದ್ದ. ಮೈ ತಣ್ಣಗೆ, ನಾಡಿ ಸಿಗುತ್ತಿರಲಿಲ್ಲ. ಹಿಂದೆ ಅವನ ಹೆಂಡತಿ ನೀಲವ್ವ, ಇನ್ನೂ ಇಪ್ಪತ್ತು ತುಂಬದ ಹುಡುಗಿ, ಅವಳದೂ ಮುಖ ಸುಣ್ಣ. ಬಾಯಾರು ಅವನ ಹೊಟ್ಟೆ ಮುಟ್ಟಿ ನೋಡುತ್ತ, "ಗುಳಿಗಿ ದಿನಾ ತಿಂತಿದ್ನೇನು?" ಎಂದರು.

"ಇಲ್ಲರಿ ಬಾಯಾರ. ಒಂದೂ ತಿಂದಿಲ್ಲ. ಎಲ್ಲಾ ನನಗ ತಿನಿಸ್ಯಾನ."

ಅವಳು ಬಸುರಿ. ಮೂರು ತಿಂಗಳು ತುಂಬುವತನಕ ಹೊರಗಿನವರಿಗೆ ತಿಳಿಯಬಾರದು ಎಂಬ ಅವರ ಮನೆಯ ರೂಢಿಗೆ ದವಾಖಾನೆಯ ಬಾಗಿಲೂ ಹೊರಗೇ. ಹೆಂಡತಿ ಬಿಳಚಿಕೊಂಡದ್ದನ್ನು ನೋಡಲಾರದೆ ಇವನು ತನ್ನ ಪಾಲಿನ ಗುಳಿಗೆಯನ್ನು ಅವಳಿಗೆ ಕೊಡುತ್ತಿದ್ದ. ಗುಳಿಗೆ ತಿಂದಿಯಾ ಎಂದು ಕೇಳಿದ್ದರೆ ಹೌದು ಎಂದು ಸುಳ್ಳು ಹೇಳುತ್ತಿದ್ದನೋ ಏನೋ. ಕರ್ರಗ ಆಯಿತೇ ಎಂದು ಕೇಳಿದರು, ಅವನು ಖರೆಯನ್ನೇ ಹೇಳಿದ. ಅದು ದಿನಾ ಕುಡಿದ ತಲೆನೋವಿನ ಪುಡಿಯಿಂದ ಹೊಟ್ಟೆಯಲ್ಲೆದ್ದ ಹುಣ್ಣು ಒಡೆದು ಇಳಿದ ರಕ್ತ. ಬಾಯಾರು ನೀಲವ್ವನನ್ನು ನೋಡುತ್ತ ಗೋಡೆಗೆ ಕೈ ಊರಿದರು. ನನ್ನನ್ನು ಒಂದು ಮಾತೂ ಗದರಲಿಲ್ಲ, ಆಗಲೇ ನನಗೆ ಹೆದರಿಕೆಯಾದದ್ದು.

ಹಳಿಯಾಳದ ಕಡೆ ಖಾಲಿ ಹೋಗುತ್ತಿದ್ದ ಬಿದಿರಿನ ಲಾರಿಯನ್ನು ನಡುರಸ್ತೆಯಲ್ಲಿ ನಿಂತು ತಡೆದರು. ಡ್ರೈವರ್ ಇಮಾಮಸಾಬ ಏನೂ ಕೇಳದೆ ಗೋಣಿತಾಟು ಹಾಸಿಕೊಟ್ಟ. ಧಾರವಾಡದ ದೊಡ್ಡ ದವಾಖಾನೆಯಲ್ಲಿ ರಕ್ತ ಏರಿಸಬಹುದೆಂಬ ಆಸೆ. ನಾನು ಸಲಾಯಿನ್ ಬಾಟಲಿ ಎತ್ತಿ ಹಿಡಿದಿದ್ದೆ, ಅವನ ತಲೆ ಬಾಯಾರ ತೊಡೆಯ ಮೇಲಿತ್ತು. "ಇಮಾಮಸಾಬ, ಜೋರ ಹೊಡಿ" ಎನ್ನುವರು. ಲಾರಿ ಎಗರಿದರೆ, "ಸಾವಕಾಶ ಹೊಡಿಯೋ, ಒಳಗ ಹರೀತೈತಿ" ಎನ್ನುವರು. ಹಳಿಯಾಳ ದಾಟಿತು, ಧಾರವಾಡ ಮಾತ್ರ ಬರಲಿಲ್ಲ. ದಾರಿಯಲ್ಲೇ ಅವನು ಹೋದ.

ಬಾಯಾರು ಮುಂದಿನ ಸಂತೆಯ ದಿನ ಹಳಿಯಾಳದಲ್ಲಿ ರಾಶಿಯಿಂದ ರಾಶಿಗೆ ತಿರುಗಿ ಹೇಳಿದರು, "ನಾ ಅರ್ಧಾ ಮಾತ ಕಲಿಸಿದ್ದೆ. ಗುಳಿಗಿ ತಿಂದ್ರೂ ಕರ್ರಗ ಆಗ್ತೈತಿ, ಒಳಗ ರಕ್ತ ಹರದ್ರೂ ಕರ್ರಗ ಆಗ್ತೈತಿ. ಡಾಂಬರದಂಗ ಅಂಟ ಇದ್ರ, ಕಣ್ಣಿಗೆ ಕತ್ತಲಿ ಬಂದ್ರ ಓಡಿ ಬರ್ರಿ. ಚಹಾದಾಗ ಪುಡಿ ಹಾಕ್ಕೊಂಡ್ರ ಅದನ್ನೂ ಹೇಳ್ರಿ." ಕೆಲವರು ಕೇಳಿದರು. ಕೆಲವರು ಎದುರಿಗೇ ಬೈದರು. ಚಪ್ಪಾಳೆ ಹೊಡೆಸಿಕೊಂಡಿದ್ದ ಅಜ್ಜಿ ಮುಖ ತಿರುಗಿಸಿದಳು. ಹಿತ್ತಲುಗಳಲ್ಲಿ ಮತ್ತೆ ಕೆಂಪು ಗುಳಿಗೆ ಬಿದ್ದವು. ನೀವು ಹೀಗೆ ಸಾರಿಕೊಂಡು ತಿರುಗದಿದ್ದರೆ ಮಂದಿ ಮರೆಯುತ್ತಿದ್ದರು ಎಂದು ಅಂದೇಬಿಟ್ಟೆ. "ಮರೀಬಾರದು ಅಂತ ಹೇಳಾಕ ಹತ್ತೇನಿ" ಎಂದರು.

ಅವರನ್ನು ಕಾಡಿದ್ದು ಸಂತೆಯ ಬೈಗುಳವಲ್ಲ, ನೀಲವ್ವ. ಅವಳು ಅತ್ತೆಯ ಮನೆಯಲ್ಲಿ ಗುಳಿಗೆ ಬಿಟ್ಟು ಕೂತಿದ್ದಳು. ಅವಳ ಮೈಯಲ್ಲಿ ರಕ್ತ ಎಷ್ಟು ಕಡಿಮೆಯಿತ್ತೆಂದರೆ ಹೆರಿಗೆಯಲ್ಲಿ ಸ್ವಲ್ಪ ಹೋದರೂ ಉಳಿಯುವುದು ಕಷ್ಟ. ಬಾಯಾರು ನನ್ನನ್ನೂ ಕರೆದುಕೊಂಡು ಹೋದರು. ಪಡಸಾಲೆಯಲ್ಲಿ ಹೆಂಗಸರ ಎದುರಿಗೆ, ಸುತ್ತು ಬಳಸದೆ, "ತಪ್ಪು ನಂದು, ನೀಲವ್ವ. ರಕ್ತಾನ ನಾ ಗುಳಿಗಿ ಬಣ್ಣ ಅಂತ ತಿಳಕೊಂಡೆ. ಖರೇ ಅಂದ್ರ ಈ ಗುಳಿಗಿ ಅವನ್ನ ಕೊಂದಿಲ್ಲ. ನೀ ಬಿಟ್ರ ನಿನಗ ಆಪತ್ತ ಐತಿ" ಎಂದರು. ಅತ್ತೆ ಎದ್ದು ಒಳಗೆ ಹೋದಳು. ನೀಲವ್ವ ಬಳೆ ಒಡೆದ ಕೈಯ ಬರಿ ಮಣಿಕಟ್ಟು ಉಜ್ಜಿಕೊಂಡಳು.

"ನನಗೂ ಕರ್ರಗ ಆಗತಿತ್ತರಿ" ಎಂದಳು. "ಅವಂಗೂ ಆಗತಿತ್ತು. ಇಬ್ಬರೂ ಹೇಳಿಕೊಂಡು ನಗತಿದ್ವಿ. ಈಗ ಅದನ್ನ ನೋಡಾಕ ನನಗ ಆಗೂದಿಲ್ಲರಿ."

ಬಾಯಾರು ಗುಳಿಗೆಯ ಪೊಟ್ಟಣವನ್ನು ಬಿಚ್ಚಿ ಅವಳ ಮುಂದಿಟ್ಟರು. ಅವಳು ಅದನ್ನು ನೋಡಿ, "ನೀವೂ ತಿಂತೀರೇನು?" ಎಂದಳು. "ನೀವು ದಿನಾ ತಿಂದ್ರ ನಾನೂ ದಿನಾ ತಿಂತೇನಿ. ಹೆಣ್ಣಮಗಳು ನೀವು, ನಿಮಗೂ ಹಂಗ ಆಗತೈತಿ ಅಂದ್ರ ನನಗ ಧೈರ್ಯ ಬರತೈತಿ."

"ಆತು" ಎಂದುಬಿಟ್ಟರು. ಅಲ್ಲೇ ಒಂದು ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದರು.

ಆ ಗುಳಿಗೆ ನೆಟ್ಟಗಿದ್ದ ಹೊಟ್ಟೆಯನ್ನೇ ತೊಳಸುತ್ತದೆ, ಅವರದಂತೂ ಮೊದಲೇ ಹುಳಿತಿದ್ದ ಹೊಟ್ಟೆ. ನಾಲ್ಕು ದಿನದಲ್ಲಿ ಮುಖ ಇಳಿಯಿತು. ದವಾಖಾನೆಯ ಹಿಂದಿನ ನೆಲ್ಲಿಮರ ಹಿಡಿದು ಓಕರಿಸುವುದನ್ನು ಕಂಡೆ. ಬಿಳಿ ಔಷಧದ ಗ್ಲಾಸು ಹಿಡಿದು ಓಡಿದರೆ ತಳ್ಳಿದರು. "ಬಿಳೀದು ಕುಡಿದ್ರ ಇದು ಮೈಗೆ ಹತ್ತೂದಿಲ್ಲ. ತಿಂದೂ ತಿನ್ನದಂಗ ಆಗ್ತೈತಿ."

"ಬ್ಯಾರೆ ಹೊತ್ತಿಗೆ ಕುಡೀರಿ. ನೀವ ಮಂದಿಗೆ ಹೇಳ್ತೀರಲ್ಲ?"

"ಒಮ್ಮೆ ಕುಡಿದ್ರ ಹೊತ್ತ ನೋಡೂದಿಲ್ಲ ನಾ. ನನ್ನ ಬುದ್ಧಿ ನನಗ ಗೊತ್ತೈತಿ."

ನನಗೆ ಸಿಟ್ಟೂ ಬಂತು, ಮರುಕವೂ ಬಂತು. ನಾನು ಮೆಲ್ಲಗೆ ಹೇಳಿದೆ, "ಸಕ್ಕರಿ ಹಿಟ್ಟಿನಾಗ ಅಂಥಾದ್ದ ಕೆಂಪ ಗುಳಿಗಿ ಮಾಡಿಕೊಡ್ತೇನಿ, ಬಾಯಾರ. ಆಕಿ ಮುಂದ ಅದನ್ನ ತಿನ್ರಿ. ಯಾರಿಗೆ ತಿಳೀತೈತಿ?"

ಅವರು ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು. "ಏನ ಮಾತಾಡಾಕ ಹತ್ತೀ ನೀನು? ನಾ ತಿಳೀದ ಹೇಳಿದ ಒಂದ ಸುಳ್ಳಿಗೆ ಆಕಿ ಗಂಡನ್ನ ಕಳಕೊಂಡಾಳ. ಇನ್ನೊಂದ ತಿಳಿದು ಹೇಳ್ಲೇನು?" ಮರುದಿನ ಬಂದು, "ಕಂಪೌಂಡರ್ರ, ಒಣಶುಂಠಿ ಐತೇನ್ರಿ?" ಎಂದು ಬಹುವಚನಕ್ಕೆ ಮರಳಿದರು.

ವಾರಕ್ಕೊಮ್ಮೆ ಆ ಹಳ್ಳಿಗೆ ಹೋಗುವುದಾಯಿತು. ಬಸ್ಸು ಸಿಕ್ಕರೆ ಬಸ್ಸು, ಇಲ್ಲವಾದರೆ ಇಮಾಮಸಾಬನ ಲಾರಿ. ಗುಳಿಗೆ ತಿಂದ ಮೇಲೆ ವಾಂತಿ ಬರುತ್ತದೆಂದು ನೀಲವ್ವ ಹೇಳಿದರೆ, "ನನಗೂ ಬಂತು. ಬರಿ ಹೊಟ್ಟಿಲೆ ತಿನಬ್ಯಾಡ, ರಾತ್ರಿ ರೊಟ್ಟಿ ಉಂಡ ಮ್ಯಾಲ ತಗೋ. ಚಹಾ ಕೂಡ ಬ್ಯಾಡ" ಎಂದು ಹೇಳುವರು. ಇಷ್ಟು ವರ್ಷ ಬಾಯಿಪಾಠದಂತೆ ಹೇಳುತ್ತಿದ್ದ ಮಾತು, ಈಗ ಹೇಳುವಾಗ ದನಿಯೇ ಬೇರೆ. ಆ ಹುಡುಗಿಗೆ ಕ್ರಮೇಣ ಸಲಿಗೆ ಬಂತು. ಬಾಯಾರು ಅಂಗಳಕ್ಕೆ ಕಾಲಿಡುತ್ತಲೇ ಒಳಗಿನಿಂದ, "ನಿಮಗ ಕರ್ರಗ ಆತೇನ್ರಿ?" ಎಂದು ಕೇಳುವಳು. "ಆಗೇತಿ. ನಿನಗ?" "ನನಗೂ ಆಗೇತ್ರಿ." "ಅಂಟ ಏನು?" "ಇಲ್ಲರಿ." ಇಷ್ಟಾದ ಮೇಲೆಯೇ ಬೇರೆ ಮಾತು. ಅತ್ತೆ ಮೊದಮೊದಲು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು, ಆಮೇಲೆ ನೀರು ತಂದಿಡತೊಡಗಿದಳು.

ನಡುವಿನ ದಿನಗಳಲ್ಲಿ ಬಾಯಾರು ತಿಂದರೋ ಬಿಟ್ಟರೋ ಅವಳಿಗೆ ಕಾಣುವಂತಿರಲಿಲ್ಲ. ನನಗೆ ಕಾಣುತ್ತಿತ್ತು. ಒಂದು ದಿನವೂ ಬಿಡಲಿಲ್ಲ. ತಿಂದು, ಹೊಟ್ಟೆ ಹಿಡಿದುಕೊಂಡು ಅಡ್ಡಾಡುತ್ತ, ಸಾಲಿನಲ್ಲಿದ್ದ ಒಬ್ಬೊಬ್ಬರನ್ನೂ ಈಗ ನಿಂತು ಕೇಳುತ್ತಿದ್ದರು. ಏನು ತಿಂದಿ, ಯಾರು ತಿಂದರು, ಚಹಾದಲ್ಲಿ ಏನು ಹಾಕಿದಿ. ಸಾಲು ಕರಗುವುದಕ್ಕೆ ಕತ್ತಲಾಗುತ್ತಿತ್ತು, ನಾನು ಗೊಣಗುತ್ತಿದ್ದೆ.

ನೀಲವ್ವನಿಗೆ ಹೆರಿಗೆಯ ನೋವು ಬಂದದ್ದು ಬೆಳಗಿನ ಹೊತ್ತು. ಅತ್ತೆಯೇ ಆಳು ಕಳಿಸಿದ್ದಳು. ನಾನು ಅಂಗಳದಲ್ಲಿ ನೀರು ಕಾಯಿಸುತ್ತ, ಒಳಗಿನಿಂದ ಯಾವ ಸದ್ದು ಬಂದರೂ ಎದ್ದು ನಿಲ್ಲುತ್ತಿದ್ದೆ. ಸೂರ್ಯ ನೆತ್ತಿಗೆ ಬರುವಾಗ ಮಗು ಅತ್ತಿತು. ಆಮೇಲೂ ಬಾಯಾರು ಬಹಳ ಹೊತ್ತು ಹೊರಗೆ ಬರಲಿಲ್ಲ. ರಕ್ತ ನಿಂತಿತೇ ಎಂದು ತಿಳಿಯಲು ನಾನು ಬಾಗಿಲ ಹತ್ತಿರ ಹೋಗಿ ಹೋಗಿ ಬರುತ್ತಿದ್ದೆ. ಅತ್ತೆ ಬಂದು, "ನಿಂತತ್ರೀ. ಇಬ್ಬರೂ ಚೊಲೋ ಅದಾರ" ಎಂದು ಅತ್ತಳು. ಅವಳ ಜೊತೆ ನಾನೂ ಅತ್ತುಬಿಟ್ಟೆ.

ಸಂಜೆ ಹೊರಡುವ ಮೊದಲು ಅತ್ತೆ ಬಾಣಂತಿಗೆ ಅನ್ನ ಉಣಿಸಿದಳು. ನಾನು ಹೊಸ್ತಿಲಲ್ಲಿದ್ದೆ, ಬಾಯಾರು ಹಾಸಿಗೆಯ ಪಕ್ಕ ನಿಂತು ಒಂದು ಗುಳಿಗೆ ನೀಲವ್ವನಿಗೆ ಕೊಟ್ಟು, ಇನ್ನೊಂದನ್ನು ತಮ್ಮ ಅಂಗೈಯಲ್ಲಿ ಹಿಡಿದು ನೀರಿಗೆ ಕೈ ಚಾಚಿದರು. ಮಗುವನ್ನು ಪಕ್ಕಕ್ಕೆ ಹಾಕಿಕೊಂಡಿದ್ದ ನೀಲವ್ವ ಅವರ ಮಣಿಕಟ್ಟು ಹಿಡಿದಳು.

"ನೀವು ಬಿಡ್ರಿ ಇನ್ನ, ಬಾಯಾರ. ನಿಮ್ಮ ಹೊಟ್ಟಿಗೆ ಆಗಿಬರೂದಿಲ್ಲ ಅದು. ನನಗ ಗೊತ್ತೈತ್ರಿ, ಮೊದಲಿಂದ ಗೊತ್ತೈತಿ. ಇನ್ನ ನಾ ಒಬ್ಬಾಕಿನ ತಗೋತೇನಿ."

ನೀಲವ್ವ ತನ್ನ ಗುಳಿಗೆ ನುಂಗಿ ನೀರು ಕುಡಿದಳು. ಆಮೇಲೆ ಅವರ ಅಂಗೈಯಿಂದ ಇನ್ನೊಂದನ್ನೂ ಎತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಇದು ನಾಳಿಗಿ ನನಗ ಇರ್ಲಿ."